ಗುಂಡಿ ಇಲ್ಲದ ಅಂಗಿ

ನನ್ನ ಕೆಲಸ ಇಷ್ಟ: ಗುಂಡಿ ಕೀಳೂದು.
ಕಿಲೋಕ್ಕ ಇಂತಿಷ್ಟು. ಜಿಪ್ಪು ಬ್ಯಾರೆ, ಹುಕ್ಕು ಬ್ಯಾರೆ.
ಧಾರಾವಿಯ ಈ ಅಟ್ಟದ ಮ್ಯಾಲ, ಕಾದ ತಗಡಿನ ಕೆಳಗ,
ಮುಂಬಯಿಯ ಮೈಮ್ಯಾಲಿಂದ ಇಳಿದದ್ದೆಲ್ಲ
ನನ್ನ ತೊಡಿಮ್ಯಾಲ ಬಂದು ಬೀಳತೈತಿ.

ಜಸೂಬೆನ್ ತರತಾಳ, ತಲಿಮ್ಯಾಲ ಗಂಟು.
ಒಂದು ಸ್ಟೀಲ್ ಬೋಗುಣಿ ಕೊಟ್ಟು ಆರು ಸೀರಿ.
ಬೋಗುಣಿ ಸಣ್ಣದಾತು ಅಂತ ಮುಲುಂಡದ ಬಾಯಿ
ಮೂರನೇ ಮಾಳಿಗಿಯಿಂದ ಬೈದದ್ದನ್ನೂ
ಗಂಟಿನ್ಯಾಗ ಕಟಗೊಂಡು ಬಂದು ನಮ್ಮ ಮುಂದ ಬಿಚ್ಚತಾಳ.

ಅಂಗಿ ಮುಟ್ಟಿದರ ಆಳು ತಿಳೀತಿದ್ದ ನನಗ.
ಕಿಸೆ ಜೋತಿದ್ದರ ಬೀಡಿ ಕಟ್ಟು, ಚಿಲ್ಲರ.
ಬಲಗಂಕುಳ ಹಿಸಿದಿದ್ದರ
ಇಪ್ಪತ್ತು ವರ್ಷ ಲೋಕಲ್‌ನ್ಯಾಗ ಕೈ ಎತ್ತಿ ನೇತಾಡಿದಾಂವ.
ಈಗ ಬರೂ ಅಂಗಿ ಮಾತಾಡೂದಿಲ್ಲ.
ಎರಡು ಸಲ ತೊಟ್ಟಿರತಾರ. ಬೆವರಿಗೆ ಅದರ ಗುರುತ ಇಲ್ಲ.
ಕೆಲವಕ್ಕ ಬೆಲೆಚೀಟಿ ಇನ್ನೂ ಕೊರಳಾಗ.

ನನ್ನ ಗಂಡ ಬಾಸಪ್ಪ ಉಲ್ಹಾಸನಗರದಾಗ
ಹೊಸ ಜೀನ್ಸಿಗೆ ಕಲ್ಲು ಉಜ್ಜಿ ಹಳೇದು ಮಾಡತಿದ್ದ.
ಅಂವ ಹಳೇದು ಮಾಡಿದ್ದನ್ನ ಹೊಸಾದಂತ ಮಾರತಿದ್ದರು,
ಹಳೇದಾದಮ್ಯಾಲ ನಾ ಸುಲೀತಿದ್ದೆ.
ಹಿಂಗ ನಡೀತು ನಮ್ಮ ಸಂಸಾರ.
ಅವನ ಉಗುರಿನ ನೀಲಿ ಅನ್ನದಾಗ ಇಳೀತಿತ್ತು,
ಫ್ಯಾಕ್ಟರಿ ಹಿಂದಿನ ಹಳ್ಳದಾಗೂ.
ಸೋಮವಾರ ನೀಲಿ. ಬುಧವಾರ ಕರಿ.
ಕಪ್ಪಿ ಒದರೂದು ನಿಂತು ಎಷ್ಟು ಮಳೆಗಾಲ ಆತೋ.
ಒಂದಿನ ಬಂದು ಬೀಗ ಜಡದರು.
ಹಳ್ಳಕ್ಕ ಚಲೋ ಆತು.
ನಮಗ ಮೂರು ತಿಂಗಳ ಬಾಡಿಗಿ ಬಾಕಿ ಆತು.
ಎರಡೂ ಖರೇ. ಯಾವುದನ್ನ ಮೊದಲ ಹೇಳಬೇಕು
ಅನ್ನೂದು ನನಗಿನ್ನೂ ತಿಳಿದಿಲ್ಲ.

ಹತ್ತಿಯದು ಹರಿದರ ಗ್ಯಾರೇಜಿಗೆ ಒರೆಸೂ ಅರಿವಿ.
ಉಣ್ಣಿಯದು ಪಾಣಿಪತ್ತಕ್ಕ ಹೋಗಿ
ಹಿಂಜಿಸಿಕೊಂಡು ಕಂಬಳಿ ಆಗತೈತಂತ.
ಪಾಲಿಸ್ಟರಿಗೆ ಯಾರೂ ಕೈ ಒಡ್ಡೂದಿಲ್ಲ.
ಎಣ್ಣಿ ಕುಡಿಯೂದಿಲ್ಲ, ನೀರು ಕುಡಿಯೂದಿಲ್ಲ,
ಮಣ್ಣಾಗ ಹುಗಿದರೂ ಮಣ್ಣಿನ ಮಾತು ಕೇಳೂದಿಲ್ಲ.

ಹ್ವಾದ ಜೂನ್‌ದಾಗ ಟೆಂಪೋ ಬಂತು.
ನಾಕನೂರು ಟೀಶರ್ಟ್, ಪ್ಲಾಸ್ಟಿಕ್ ಸೈತ ಬಿಚ್ಚಿಲ್ಲ.
ಎದಿಮ್ಯಾಲ ಹಸರು ಗಿಡ, ಗಿಡದ ಬುಡಕ್ಕ ಹಿಂದಿ ಅಕ್ಷರ.
ಕಮ್ರುನ್ನಿಸಾನ ಮಗಳು ಓದಿದಳು: ಧರ್ತಿ ಬಚಾವೋ.
ತಾರೀಖು ತಪ್ಪು ಅಚ್ಚಾಗಿತ್ತಂತ.
ಐದರ ಬದಲಿ ಆರು.
ಆಕಿ ನಕ್ಕಳು. ನಾ ನಗಲಿಲ್ಲ.
ಟೀಶರ್ಟಿಗೆ ಗುಂಡಿ ಇರೂದಿಲ್ಲ.
ಅವತ್ತು ನನಗ ಕೂಲಿ ಇರಲಿಲ್ಲ.

ಬೇಕಾದಷ್ಟು ಒಯ್ಯಿ, ಅಂದ ಶೇಠ್. ಉಳಿದದ್ದು ದೇವನಾರದ ಗುಡ್ಡಕ್ಕ.
ಮೂವತ್ತು ಒಯ್ದೆ. ಬಾಸಪ್ಪನ ಬೆನ್ನಿಗೊಂದು ಕೌದಿ.
ಗಿಡ ಗಿಡ ಕತ್ತರಿಸಿ ಒತ್ತೊತ್ತಾಗಿ ಕೂಡಿಸಿದೆ.
ಸೂಜಿ ಜಾರತಿತ್ತು, ಹೊಲಿಗಿ ನಿಲ್ಲತಿರಲಿಲ್ಲ,
ಮಲಗಿದರ ಬೆನ್ನು ನೀರಾಡತಿತ್ತು.
ನಮ್ಮವ್ವ ಸಿಂದಗಿಯೊಳಗ ಕೌದಿ ಮುಗಿಸುವಾಗ
ಮೂಲಿಗೆ ನಾಕು ಕಾಳು ಜೋಳ ಇಟ್ಟು ಹೊಲೀತಿದ್ದಳು.
ಹಸಿದ ಕೌದಿ ಹೊಚ್ಚಬಾರದು, ಅಂತಿದ್ದಳು.

ಮನಿಯಾಗ ಜೋಳ ಇರಲಿಲ್ಲ.
ಸೆರಗಿನಾಗ ನಾಕು ಗುಂಡಿ ಇದ್ದವು, ಹಾಕಿದೆ.

ರಾತ್ರಿ ಹೊರಳಿದರ ಮೂಲ್ಯಾಗ ಕಟಕಟ ಅಂತೈತಿ.
ಇಲಿ ಏನ? ಅಂತಾನ.
ಅಲ್ಲ, ಅಂತೀನಿ.
ಮಲಕೋ.