ಮೂರನೇ ನೆತ್ತಿ

ಜೋಗಿಮಟ್ಟಿಯ ಹಿಂಬದಿಯ ಏಣು
ಕೆಳಗಿಂದ ನೋಡಿದರೆ ಒಂದೇ ನೆತ್ತಿ.
ಹತ್ತಿದರೆ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು,
ಹುಡುಗರ ಸುಳ್ಳಿನ ಹಾಗೆ.

ಖಾದರ್ ಮೇಷ್ಟ್ರು ಮುಂದೆ. ನಿವೃತ್ತಿಗೆ ಮೂರು ತಿಂಗಳು.
ಕೊರಳಲ್ಲಿ ಈಗಲೂ ಆಟದ ಬಯಲಿನ ಸೀಟಿ.
"ಕೂರಬೇಡ ಕಣಮ್ಮ, ಕೂತರೆ ಮಂಡಿ ಮಾತು ಕಲಿಯುತ್ತೆ."

ಬಂದರಿಕೆ ಪೊದೆ. ದಾರಿಯ ನಡುವೆ ಕರಡಿಯ ಹಿಕ್ಕೆ,
ತುಂಬ ಕಾರೆಬೀಜ, ಇನ್ನೂ ಹಸಿ.
ಅಲ್ಲಿಂದಾಚೆ ನಾವಿಬ್ಬರೂ
ಸುಮ್ಮಸುಮ್ಮನೆ ಜೋರಾಗಿ ಮಾತಾಡಿದೆವು:
ಬಸ್ಸಿನ ದರ, ಮಿರ್ಚಿ ಮಂಡಕ್ಕಿ,
ತೀರಿಕೊಂಡ ಅವರ ತಮ್ಮನ ಸೈಕಲ್ಲು.

ಎರಡನೇ ನೆತ್ತಿಯಲ್ಲಿ ನನ್ನ ಬೂಟಿನ ಅಟ್ಟೆ ಬಾಯಿಬಿಟ್ಟಿತು.
ಮೇಷ್ಟ್ರು ಸೀಟಿಯ ದಾರ ಬಿಚ್ಚಿ, ಬಗ್ಗಿ, ಬಿಗಿದರು,
ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ.
ಉಸಿರಿಗೊಮ್ಮೆ ಅದು ತಾನಾಗಿ
ಸಣ್ಣಗೆ ಕೂಗುತ್ತಿತ್ತು.

ಆಮೇಲೆ ಏಣು ಕಿರಿದಾಯಿತು.
ಎರಡೂ ಕಡೆ ಇಳಿಜಾರು, ಬಂಡೆ ಕಾದ ಹೆಂಚು.
ನಾಚಿಕೆ ಬಿಟ್ಟು ಅಂಬೆಗಾಲಿಟ್ಟೆ.

ಮೂರನೇ ನೆತ್ತಿಯಲ್ಲಿ ಏನೂ ಇರಲಿಲ್ಲ:
ಗಾಳಿ, ದೂರದಲ್ಲಿ ತಿರುಗುವ ಫ್ಯಾನುಗಳು, ಒಂದು ಓತಿಕ್ಯಾತ.
ಕೆಳಗೆ ದುರ್ಗ, ಯಾರೋ ಚೆಲ್ಲಿದ ಕಲ್ಲುಸಕ್ಕರೆ.
ಊರ ಕಡೆ ತಿರುಗಿ
ಮೇಷ್ಟ್ರು ಸೀಟಿ ಊದಿದರು, ಒಂದೇ ಸಲ, ಉದ್ದಕ್ಕೆ.
ಯಾರೂ ಸಾಲು ನಿಲ್ಲಲಿಲ್ಲ.
ಓತಿಕ್ಯಾತ ತಲೆಯಾಡಿಸಿತು.

ಬಾಟಲಿಯಲ್ಲಿ ಎರಡು ಗುಟುಕು ನೀರು.
ಇಳಿಯುವುದೆಲ್ಲ ಬಾಕಿ.