ಗುಲಗಂಜಿ ತೂಕ

ಹಲ್ ಊರಿನ ಈ ಅಡುಗೆಮನೆಯಲ್ಲಿ
ಉಗುರುಜ್ಜುವ ಅರದಿಂದ ಮಾತ್ರೆ ತೇಯುತ್ತೇನೆ.
ತಕ್ಕಡಿ ಅಂಚೆಯಲ್ಲಿ ಬಂದದ್ದು, ಅಂಗೈಯಗಲ.
ಅಪ್ಪನದು ಗಾಜಿನ ಪೆಟ್ಟಿಗೆಯೊಳಗಿತ್ತು,
ಅದರ ಮುಂದೆ ನಾವು ಉಸಿರು ಬಿಡಬಾರದಿತ್ತು.

ನುಂಗಿದ್ದು ಹನ್ನೊಂದು ವರ್ಷ.
ಇಳಿಸತೊಡಗಿ ಇದು ಹದಿನಾಲ್ಕನೇ ತಿಂಗಳು.
ಹಳೇ ಡಾಕ್ಟರು ಹೇಳಿದ್ದರು, ಎರಡು ವಾರ ಸಾಕು.
ಆ ಎರಡು ವಾರದ ಬಗ್ಗೆ ಬರೆಯುವುದಿಲ್ಲ.

ಕಣ್ಣು ಹೊರಳಿಸಿದರೆ ತಲೆಯೊಳಗೆ
ಕೆಟ್ಟ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು
ಚಿಟ್ಟೆನ್ನುತ್ತದೆ.
ಹೆಸಲ್ ರಸ್ತೆಯ ಬಸ್ಸಿನಲ್ಲಿ ಕಂಬಿ ಹಿಡಿದು
ನೆಟ್ಟಗೆ ನೋಡುತ್ತ ನಿಲ್ಲುತ್ತೇನೆ
ತುಂಬಿದ ಕೊಡ ಹೊತ್ತವಳ ಹಾಗೆ.

ಮೊನ್ನೆ ಮೀನಂಗಡಿಯ ಮುಂದೆ ಅಳು ಬಂತು.
ಕೆಲಸದ ಜೊತೆಗಾತಿ ಡೋರೀನ್ ಕೇಳಿದಳು:
ಕಾಯಿಲೆ ಮರಳಿತೇ?
ಇದು ಮದ್ದು ಬಿಡುವ ನೋವೋ, ಬರೀ ನಾನೋ,
ತೀಡಿ ನೋಡಲು ಒರೆಗಲ್ಲಿಲ್ಲ.
ಮೀನಿನ ಕಣ್ಣು ತೆರೆದೇ ಇತ್ತು, ಅಷ್ಟೇ ಎಂದೆ.

ನೋಟ್‌ಬುಕ್ಕಿನಲ್ಲಿ:
ಮಾರ್ಚ್ ಆರು, ನಿದ್ದೆ ಮೂರು ಗಂಟೆ.
ಒಂಬತ್ತು, ಗಂಡನತ್ತ ತಟ್ಟೆ ಎಸೆದೆ. ಸ್ಟೀಲು, ಒಡೆಯಲಿಲ್ಲ.
ಇಬ್ಬರೂ ಅದು ಸುತ್ತಿ ಸುತ್ತಿ ನಿಲ್ಲುವವರೆಗೆ ಕೇಳಿದೆವು.
ಹತ್ತೊಂಬತ್ತು, ಇಂಗಿನ ಒಗ್ಗರಣೆ
ಎಷ್ಟೋ ವರ್ಷಕ್ಕೆ ಮೂಗಿನಿಂದಾಚೆಗೂ ಹೋಯಿತು.

ಸಂಜೆ ಅಪ್ಪ ಅಂಗಡಿ ಗುಡಿಸಿದ ದೂಳನ್ನೂ
ನೀರಿನಲ್ಲಿ ಜಾಲಿಸುತ್ತಿದ್ದ, ಚಿನ್ನವಿರುತ್ತಿತ್ತು.
ನಾನು ಬಿಳಿ ಪುಡಿಯನ್ನು ಡಬ್ಬಿಗೆ ತುಂಬುತ್ತೇನೆ,
ಔಷಧದಂಗಡಿಗೆ ವಾಪಸು ಕೊಡಲು.

ಉಳಿದದ್ದು ಅರ್ಧ ಗುಲಗಂಜಿಗೂ ಕಡಿಮೆ.
ಮೊದಲ ಅರ್ಧ ಮಾತ್ರೆ ಬಿಟ್ಟದ್ದು ಇಷ್ಟು ಭಾರವಿರಲಿಲ್ಲ.
ತಕ್ಕಡಿಯ ಅಂಕಿ ತೊದಲುತ್ತದೆ,
ಸೊನ್ನೆ, ಅಲ್ಲ, ಸೊನ್ನೆ.
ಉಸಿರು ಹಿಡಿದು ಕಾಯುತ್ತೇನೆ.