ಸೇರು

ಕೇರ್ನ್ಸ್ ಊರಿನ ನರ್ಸಿಂಗ್ ಕಾಲೇಜು, ಎರಡನೇ ಮಹಡಿ.
ಏಸಿ ಎಷ್ಟು ಜೋರೆಂದರೆ ಟೊಂಗಾದ ಮೆಲೆನೈಟೆ
ಸೊಂಟಕ್ಕೆ ಸುತ್ತಿದ ಚಾಪೆಯ ಮೇಲೆ
ನನ್ನ ಶಾಲು ಹೊದ್ದು ಕೂತಿದ್ದಾಳೆ.
ಮೇಜಿನ ಮೇಲೆ ಆರುನೂರ ಹನ್ನೆರಡು ಪುಟದ ವರದಿ,
ನಾಲ್ಕು ದೇಶದ ಐವರು ನಾವು,
ಒಂದು ತಟ್ಟೆ ಬಿಸ್ಕತ್ತು.

ಮೂರು ಮನೆಯಲ್ಲಿ ಒಂದಕ್ಕೆ ಟಿಕ್ಕು:
ಪೂರೈಸಿದೆ, ಬಹುಮಟ್ಟಿಗೆ ಪೂರೈಸಿದೆ, ಪೂರೈಸಿಲ್ಲ.
ಇಲ್ಲಿ ಒಪ್ಪಿದ ನರ್ಸನ್ನು ಸುವಾದಲ್ಲೂ ಒಪ್ಪಬೇಕು,
ಸುವಾದಲ್ಲಿ ಒಪ್ಪಿದವಳನ್ನು ಇಲ್ಲಿ.
ಮೊದಲರ್ಧಕ್ಕೆ ಎಲ್ಲರೂ ತಲೆಯಾಡಿಸಿಯಾಯಿತು.
ಎರಡನೆಯದಕ್ಕೇ ಈ ಬಿಸ್ಕತ್ತು.

ಬೀದರಿನಲ್ಲಿ ನಮ್ಮಪ್ಪನದು ಬೇಳೆಕಾಳಿನ ಅಂಗಡಿ.
ಕಾಗದದಲ್ಲಿ ಲೀಟರು, ಜನರ ಬಾಯಲ್ಲಿ ಸೇರು.
ವರ್ಷಕ್ಕೊಮ್ಮೆ ತೂಕ-ಅಳತೆಯ ಸಾಹೇಬ ಬಂದು
ಪಾತ್ರೆ ಬೋರಲು ಹಾಕಿ, ಬುಡಕ್ಕೆ ಉಳಿಯಿಟ್ಟು
ಒಂದೇ ಏಟು. ಆ ವರ್ಷದ ಅಕ್ಷರ ಮೂಡುತ್ತಿತ್ತು.
ಆದರೂ ಭಾಲ್ಕಿಯ ಸೇರು ಬೇರೆ, ನಮ್ಮದು ಬೇರೆ;
ಕೊಂಡ ತೊಗರಿಯನ್ನು ಹೆಂಗಸರು ಅಲ್ಲೇ ಸೆರಗಿನಲ್ಲಿ ಸುರಿದು
ಮುಷ್ಟಿ ಮುಷ್ಟಿ ಎಣಿಸುತ್ತಿದ್ದರು.
ಅಪ್ಪ ನಗುತ್ತಿದ್ದರು:
'ಮುದ್ರಿ ಬುಡಕ ಇರ್ತದ ಬೇಟಾ, ಮೋಸ ಬಾಯಿಗಿ ಇರ್ತದ.'

ತೊಂಬತ್ತೊಂದರಲ್ಲಿ ಬ್ರಿಸ್ಬೇನಿನ ಕೌಂಟರಿನಲ್ಲಿ
ನನ್ನನ್ನೂ ಬೋರಲು ಹಾಕಿ ನೋಡಿದರು, ಮುದ್ರೆ ಕಾಣಲಿಲ್ಲ.
ಮಿಷನ್ ಆಸ್ಪತ್ರೆಯ ಹನ್ನೊಂದು ವರ್ಷ, ಹಿಡಿದ ಹೆರಿಗೆಗಳು
ಸಾವಿರದ ಮೇಲೆ ಲೆಕ್ಕ ಬಿಟ್ಟಿದ್ದೆ.
ಪಠ್ಯಕ್ರಮದ ಪ್ರತಿ ಪುಟಕ್ಕೂ ಪ್ರಾಂಶುಪಾಲರ ಸಹಿ ತಾ ಎಂದರು.
ಪ್ರಾಂಶುಪಾಲರು ಸಮಾಧಿಯಲ್ಲಿ, ಪಠ್ಯಕ್ರಮ ಗೆದ್ದಲಿಗೆ.
ಎರಡು ವರ್ಷ ವೃದ್ಧರ ಹಾಸಿಗೆ ಬದಲಿಸಿದೆ.
ಈಗ ಕೌಂಟರಿನ ಈಚೆ ಬದಿಯಲ್ಲಿದ್ದೇನೆ,
ಕೊರಳಲ್ಲಿ ಬಿಲ್ಲೆ, ಕೈಯಲ್ಲಿ ಹಸಿರು ಪೆನ್ನು.

ಪ್ರಯೋಗಶಾಲೆಯಲ್ಲಿ ಹೆರುವ ಬೊಂಬೆ.
ಗುಂಡಿ ಒತ್ತಿದರೆ ನರಳುತ್ತದೆ, ಇನ್ನೊಂದು ಒತ್ತಿದರೆ ರಕ್ತ.
ಥರ್ಸ್‌ಡೇ ದ್ವೀಪದ ಹುಡುಗಿ ಕೆಜಾಯ, ಮೂರನೇ ವರ್ಷ,
ಚುಚ್ಚುಮದ್ದು, ಡ್ರಿಪ್ಪು, ಕರೆಗಂಟೆ, ಎಲ್ಲ ಸರಿಯಾಗೇ ಮಾಡಿದಳು.
ಆಗ ಮೆಲೆನೈಟೆ ನಮೂನೆಯಲ್ಲಿಲ್ಲದ ಪ್ರಶ್ನೆ ಕೇಳಿದಳು:
'ಮದ್ದು ಮುಗಿದಿದೆ. ಕರೆಂಟಿಲ್ಲ. ದೋಣಿ ಬರೋದು ಬೆಳಿಗ್ಗೆ.'

ಹುಡುಗಿ ಸ್ವಲ್ಪ ಹೊತ್ತು ನೆಲ ನೋಡಿದಳು.
ಒಂದು ಮುಷ್ಟಿ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ,
ಎರಡರ ನಡುವೆ ರಬ್ಬರಿನ ಗರ್ಭಕೋಶವನ್ನು ಅದುಮಿ ಹಿಡಿದಳು.
'ಎಷ್ಟು ಹೊತ್ತು?'
'ದೋಣಿ ಬರೋವರೆಗೂ.'
ಯಾವ ಸೆಮಿಸ್ಟರಿನಲ್ಲಿ ಕಲಿತೆ, ಎಂದು ರಸೆಲ್ ಕೇಳಿದ.
'ಹೇಗೆ ಅಂತ ಇಲ್ಲಿ ಕಲಿಸಿದ್ರು. ಎಷ್ಟು ಹೊತ್ತು ಅಂತ ಅತ್ತೆ.'
ಸಮಯ ಮೀರಿ ಬೊಂಬೆ ತಾನಾಗೇ ಆರಿಹೋಯಿತು.
ಅವಳು ಕೈ ತೆಗೆದಿರಲಿಲ್ಲ.

ಮಧ್ಯಾಹ್ನವೆಲ್ಲ ಅದೇ ಜಗ್ಗಾಟ.
ಅತ್ತೆಯನ್ನು ಯಾವ ಮಾನದಂಡದಡಿ ಬರೆಯುವುದು?
ಈ ಬೊಂಬೆ ಕಡ್ಡಾಯವೆಂದರೆ ನಮ್ಮ ಶಾಲೆಗೆ ಬೀಗ ಜಡಿಯಿರಿ,
ಎಂದ ಫಿಜಿಯ ವಿಲಿಯಾಮೆ, ಬಹಳ ಮೆತ್ತಗೆ.
ರಸೆಲ್ ಕೆಟ್ಟವನಲ್ಲ, ಅವನಿಗೆ ಸಾಕ್ಷ್ಯ ಬೇಕು.
ನನಗೂ ಬೇಕು, ಸುಳ್ಳು ಸೇರು ಕಂಡವಳು ನಾನು.
ಕರಡಿನ ಅಂಚಿನಲ್ಲಿ 'ದೋಣಿ ಬರುವವರೆಗೆ' ಎಂದು ಬರೆದೆ.
ರಸೆಲ್ ಹೊಡೆದುಹಾಕಿದ.
ಮೆಲೆನೈಟೆ ಮತ್ತೆ ಬರೆದಳು, ದಪ್ಪಗೆ.
ನಾಳೆ ಒಂಬತ್ತಕ್ಕೆ ಮತ್ತೆ ಸೇರುವುದೆಂದಾಯಿತು.

ಸಂಜೆ ಕಡಲು ಹಿಂದೆ ಸರಿದು ಬರೀ ಕೆಸರು,
ಕೆಸರಲ್ಲಿ ಪೆಲಿಕನ್ನುಗಳು ಏನನ್ನೋ ಕಾಯುತ್ತ.
ಬೆಂಚಿನ ಮೇಲೆ ಉಳಿದ ಬಿಸ್ಕತ್ತು ಬಿಚ್ಚಿ
ಅವಳಿಗೆ ಅಪ್ಪನ ಅಂಗಡಿಯ ಕತೆ ಹೇಳಿದೆ.
ಕೇಳಿಸಿಕೊಂಡು, ಶಾಲು ಮಡಚಿ ಕೊಡುತ್ತ, ಕೇಳಿದಳು:
ಒಂದು ಸೇರಿಗೆ ಎಷ್ಟು ಮುಷ್ಟಿ?
ಯಾರ ಮುಷ್ಟಿ, ಅಂದೆ.